ಮ್ಯೂಸಿಯಂ ನೋಡಿ ಬಂದ ಮೇಲೂ ಕೈ ಓಡುವುದಿಲ್ಲ, ಯಾಕೆ?

ಪ್ರಶ್ನೆ: ನಾನು ಸಾಗರದಲ್ಲಿ ಹೈಸ್ಕೂಲು ಶಿಕ್ಷಕಿ. ಸಂಜೆ ಹೊತ್ತು ಚಿತ್ರ ಬಿಡಿಸುತ್ತೇನೆ, ಹೆಚ್ಚಾಗಿ ಪೆನ್ನಿನಲ್ಲಿ. ಕೆ. ಕೆ. ಹೆಬ್ಬಾರರ ರೇಖೆಗಳೆಂದರೆ ನನಗೆ ಪ್ರಾಣ. ಹೋದ ಸಲ ರಜೆಯಲ್ಲಿ ಬೆಂಗಳೂರಿಗೆ ಬಂದು ಒಂದೇ ದಿನ ಮೂರು ಗ್ಯಾಲರಿ ಸುತ್ತಿ, ಮುನ್ನೂರು ಫೋಟೊ ತೆಗೆದುಕೊಂಡು ಬಂದೆ. ಮನೆಗೆ ಬಂದು ಕೂತರೆ ಏನೂ ಹೊಳೆಯಲಿಲ್ಲ. ಬಿಡಿಸಿದರೂ ‘ಇದು ಹೆಬ್ಬಾರರ ನಕಲು’ ಅಂತ ಗೆಳತಿಯರು ಹೇಳುತ್ತಾರೆ. ನಮ್ಮೂರ ಸಂತೆಯ ಒಂದು ಚಿತ್ರ ಆರು ತಿಂಗಳಿಂದ ಅರ್ಧಕ್ಕೆ ನಿಂತಿದೆ. ಮ್ಯೂಸಿಯಂ ನೋಡುವುದರಿಂದ ನಿಜವಾಗಿ ಏನಾದರೂ ಸಿಗುತ್ತದಾ? ವರ್ಷಕ್ಕೆ ಒಂದೆರಡು ಸಲ ಬಿಟ್ಟರೆ ಪೇಟೆಗೆ ಬರಲು ಆಗದ ನನ್ನಂಥವರು ಏನು ಮಾಡಬೇಕು?

ಉತ್ತರ: ಸಿಗುತ್ತದೆ. ನಾನು ಇಪ್ಪತ್ತು ವರ್ಷದಿಂದ ಚಿತ್ರಕಲೆ ಕಲಿಸುತ್ತಿದ್ದೇನೆ, ನೀವು ಕೇಳಿದ್ದನ್ನೇ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಫೋಟೊ ಅಲ್ಲ, ನಕಲಿನ ಮಾತೂ ಅಲ್ಲ. ಅರ್ಧಕ್ಕೆ ನಿಂತ ಆ ಸಂತೆಯ ಚಿತ್ರ. ಬೆಂಗಳೂರಿಗೆ ಬಂದಾಗ ನೀವು ಅದನ್ನು ಮನೆಯಲ್ಲೇ ಬಿಟ್ಟು ಬಂದಿರಿ ಅಲ್ವಾ? ಮುಂದಿನ ಸಲ ಅದನ್ನೇ ಬ್ಯಾಗಿನಲ್ಲಿ ಇಟ್ಟುಕೊಂಡು ಬನ್ನಿ. ನಾನು ಹೇಳಬೇಕಾದದ್ದು ಬಹುಮಟ್ಟಿಗೆ ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಯಾಕೆ ಅಂದರೆ, ಖಾಲಿ ಕೈಯಲ್ಲಿ ಮ್ಯೂಸಿಯಂಗೆ ಹೋದವರಿಗೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಎಲ್ಲವೂ ಚೆನ್ನಾಗಿ ಕಂಡರೆ ಯಾವುದೂ ಕೈಗೆ ಹತ್ತುವುದಿಲ್ಲ. ಆದರೆ ‘ಗುಂಪಿನಲ್ಲಿ ಜನರ ಕಾಲುಗಳು ಗೋಜಲಾಗುತ್ತಿವೆ, ಏನು ಮಾಡಲಿ’ ಎಂಬ ಒಂದು ತೊಂದರೆ ಹೊತ್ತು ಹೋಗಿ ನೋಡಿ. ಆಗ ಪ್ರತಿ ಚಿತ್ರವೂ ನಿಮಗೆ ಉತ್ತರ ಹೇಳಲು ಶುರುಮಾಡುತ್ತದೆ. ಮೈಸೂರು ಶೈಲಿಯ ಚಿತ್ರಗಾರ ಗುಂಪನ್ನು ಹೇಗೆ ಜೋಡಿಸಿದ, ತೊಗಲುಗೊಂಬೆ ಮಾಡಿದವನು ಕಾಲುಗಳನ್ನು ಯಾಕೆ ಪಕ್ಕದಿಂದಲೇ ತೋರಿಸಿದ, ಹಳೇಬೀಡಿನ ಶಿಲ್ಪಿ ಸಾಲು ಸಾಲು ಕುದುರೆಗಳನ್ನು ಕಡೆಯುವಾಗ ಒಂದರ ಕಾಲು ಇನ್ನೊಂದಕ್ಕೆ ಸಿಕ್ಕದಂತೆ ಏನು ಮಾಡಿದ. ಇವರೆಲ್ಲ ನಿಮ್ಮ ತೊಂದರೆಯನ್ನೇ ಅನುಭವಿಸಿದವರು. ನನ್ನ ಅನುಭವದಲ್ಲಿ ಪ್ರೇರಣೆ ಅಂತ ನಾವು ಕರೆಯುವುದು ಹೆಚ್ಚಿನ ಸಲ ಇದೇ. ನಾವು ಸಿಕ್ಕಿಕೊಂಡ ಜಾಗದಲ್ಲೇ ಸಿಕ್ಕಿಕೊಂಡು, ಅಲ್ಲಿಂದ ಹೊರಬಂದ ಒಬ್ಬರನ್ನು ಕಾಣುವುದು. ಅದನ್ನು ಕಂಡ ಕೂಡಲೇ ಮನೆಗೆ ಓಡಿ ಹೋಗಿ ಪೆನ್ನು ಹಿಡಿಯಬೇಕು ಅನ್ನಿಸುತ್ತದೆ.

ಈಗ ಆ ಮುನ್ನೂರು ಫೋಟೊ. ಲಿಂಡಾ ಹೆಂಕೆಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ವಿದ್ಯಾರ್ಥಿಗಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ಕೆಲವು ವಸ್ತುಗಳ ಫೋಟೊ ತೆಗೆಯಿರಿ, ಕೆಲವನ್ನು ಸುಮ್ನೆ ನೋಡಿ ಅಂತ ಹೇಳಿದರು. ಮಾರನೇ ದಿನ ಕೇಳಿದರೆ, ಫೋಟೊ ತೆಗೆದ ವಸ್ತುಗಳೇ ಕಡಿಮೆ ನೆನಪಿದ್ದವು. ಕ್ಯಾಮೆರಾ ನೋಡಿಕೊಳ್ಳುತ್ತದೆ ಅಂತ ಮನಸ್ಸು ಕೈಬಿಡುತ್ತದೆ ಅನ್ನುವುದು ಅವರ ವಿವರಣೆ. ಆದರೆ ಜೂಮ್ ಮಾಡಿ ವಸ್ತುವಿನ ಒಂದು ಭಾಗವನ್ನಷ್ಟೇ ತೆಗೆದಾಗ ನೆನಪು ಹಾಗೆ ಕುಂದಲಿಲ್ಲ. ಹಾಗಾಗಿ ಫೋಟೊ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಮೊದಲು ನೋಡಿ, ಆಮೇಲೆ ನಿಮಗೆ ಬೇಕಾದ ಮೂಲೆಯನ್ನು ಮಾತ್ರ ತೆಗೆಯಿರಿ. ಒಂದು ಕೈ, ಒಂದು ಸೆರಗಿನ ಮಡಿಕೆ, ಅಷ್ಟು ಸಾಕು.

ಇನ್ನೊಂದು ಲೆಕ್ಕ ಕೇಳಿ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಇಬ್ಬರು ಸಂಶೋಧಕರು ಅಳೆದರು, 2001ರಲ್ಲಿ ಅದು ಪ್ರಕಟವಾಯಿತು. ಸರಾಸರಿ 27 ಸೆಕೆಂಡು. ಅಷ್ಟರಲ್ಲಿ ಪಕ್ಕದ ಚೀಟಿ ಓದುವುದೂ ಸೇರಿತ್ತು. ಒಬ್ಬ ಮನುಷ್ಯ ತಿಂಗಳುಗಟ್ಟಲೆ ಕೂತು ಮಾಡಿದ್ದನ್ನು 27 ಸೆಕೆಂಡಿನಲ್ಲಿ ಏನು ತಾನೇ ನೋಡಲು ಸಾಧ್ಯ? ಮೂರು ಗ್ಯಾಲರಿಯಲ್ಲಿ ಮುನ್ನೂರು ಚಿತ್ರ ನೋಡುವ ಬದಲು ಒಂದು ಗ್ಯಾಲರಿಯಲ್ಲಿ ಎರಡು ಚಿತ್ರ ನೋಡಿ. ಒಂದೊಂದಕ್ಕೂ ಅರ್ಧ ಗಂಟೆ ಕೊಡಿ. ಮೊದಲ ಹತ್ತು ನಿಮಿಷ ಬೇಜಾರಾಗುತ್ತದೆ, ಹೊರಡೋಣ ಅನ್ನಿಸುತ್ತದೆ. ದಯವಿಟ್ಟು ಹೊರಡಬೇಡಿ. ಹೊಸದಾಗಿ ಕಾಣಲು ಶುರುವಾಗುವುದೇ ಅದರ ನಂತರ.

ನನಗೆ ಇದು ಗೊತ್ತಾದದ್ದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ. ಅಲ್ಲಿನ ‘ದೀಪ ಹಿಡಿದ ಹೆಂಗಸು’ ಚಿತ್ರವನ್ನು ನೀವು ನೋಡಿರುತ್ತೀರಿ. ತುಂಬಾ ಜನ ಅದು ರಾಜಾ ರವಿವರ್ಮನದು ಅಂದುಕೊಂಡೇ ವಾಪಸ್ ಬರುತ್ತಾರೆ. ಅದನ್ನು ಮಾಡಿದವರು ಎಸ್. ಎಲ್. ಹಲ್ದಣಕರ್, 1940ರ ದಶಕದಲ್ಲಿ. ದೀಪ ಹಿಡಿದು ನಿಂತದ್ದು ಅವರ ಸ್ವಂತ ಮಗಳು. ಕಾಲೇಜಿನ ಪ್ರವಾಸದಲ್ಲಿ ಹೋದಾಗ ನಾನು ಉಳಿದವರ ಹಾಗೆಯೇ ‘ಅಬ್ಬಾ, ದೀಪ ನಿಜವಾಗಿ ಉರಿಯುತ್ತಿದೆ’ ಅಂದುಕೊಂಡು ಬಂದಿದ್ದೆ. ಕೆಲವು ವರ್ಷದ ಮೇಲೆ ಒಬ್ಬಳೇ ಹೋದೆ. ಆಗ ನಾನು ರಾತ್ರಿ ಅಡುಗೆಮನೆಯ ಒಂದು ಚಿತ್ರ ಬಿಡಿಸುತ್ತಿದ್ದೆ. ಬೆಳಕು ಬರುತ್ತಲೇ ಇರಲಿಲ್ಲ, ಹಳದಿ ಹಚ್ಚಿದಷ್ಟೂ ಮಂಕಾಗುತ್ತಿತ್ತು. ಹಲ್ದಣಕರರದು ಜಲವರ್ಣ. ಜಲವರ್ಣದಲ್ಲಿ ಸಾಮಾನ್ಯವಾಗಿ ಬಿಳಿ ಬಣ್ಣ ಹಚ್ಚುವುದಿಲ್ಲ, ಕಾಗದದ ಬಿಳಿಯನ್ನೇ ಉಳಿಸಿಕೊಳ್ಳುತ್ತಾರೆ. ಅಂದರೆ ಬೆಳಕು ಎಲ್ಲಿ ಅಂತ ಮೊದಲೇ ನಿರ್ಧರಿಸಿ, ಅದನ್ನು ಮುಟ್ಟದೆ, ಸುತ್ತಲ ಕತ್ತಲನ್ನು ಕಟ್ಟುತ್ತಾ ಬರಬೇಕು. ನಾನು ಅವತ್ತು ಮುಖವನ್ನೂ ದೀಪವನ್ನೂ ಬಿಟ್ಟು ಕತ್ತಲನ್ನೇ ನೋಡಿದೆ. ಸೀರೆಯ ಯಾವ ಮಡಿಕೆ ಎಲ್ಲಿ ಕರಗಿ ಹೋಗುತ್ತದೆ, ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳ ಅಂಚು ಯಾಕೆ ಕೆಂಪಾಗಿದೆ, ಇದನ್ನೇ ನೋಡುತ್ತಾ ನಿಂತೆ. ಆ ರಾತ್ರಿ ಮನೆಗೆ ಬಂದು ಅಡುಗೆಮನೆಯ ಚಿತ್ರವನ್ನು ಹೊಸ ಕಾಗದದ ಮೇಲೆ ಮತ್ತೆ ಶುರುಮಾಡಿದೆ, ಹಳದಿ ಡಬ್ಬಿಯನ್ನು ಮುಟ್ಟಲೇ ಇಲ್ಲ. ಚಿತ್ರ ನೋಡಿದವರು ಯಾರೂ ಅದನ್ನು ಹಲ್ದಣಕರರ ನಕಲು ಅನ್ನಲಿಲ್ಲ. ಯಾಕೆಂದರೆ ನಾನು ತಂದದ್ದು ಅವರ ದೀಪವನ್ನಲ್ಲ, ಕತ್ತಲನ್ನು ಕಟ್ಟುವ ಬಗೆಯನ್ನು.

ಇಲ್ಲಿಂದ ನಿಮ್ಮ ಹೆಬ್ಬಾರರಿಗೆ ಬರುತ್ತೇನೆ. ಇದು ಸ್ವಲ್ಪ ಉದ್ದವಾಗುತ್ತದೆ, ಅವರು ನನಗೂ ತುಂಬಾ ಇಷ್ಟ.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ ಹುಟ್ಟಿದ್ದು 1911ರಲ್ಲಿ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಅವರ ತಂದೆ ಮಣ್ಣಿನ ಗಣಪತಿ ಮಾಡುತ್ತಿದ್ದರು. ಹೆಬ್ಬಾರರು ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತರು, ಆಮೇಲೆ ಪ್ಯಾರಿಸ್‌ಗೂ ಹೋಗಿ ಬಂದರು. ಅವರ ನೃತ್ಯದ ರೇಖಾಚಿತ್ರಗಳನ್ನು ನೋಡಿ ನೀವು, ನಾವೆಲ್ಲ ಬೆರಗಾಗುತ್ತೇವೆ. ಪೆನ್ನು ಎತ್ತದೆ ಎಳೆದ ಹಾಗಿರುವ ಗೆರೆಯಲ್ಲಿ ಇಡೀ ದೇಹ ತಿರುಗುತ್ತದೆ. ಆ ಗೆರೆ ಎಲ್ಲಿಂದ ಬಂತು? ಅವರು ಬೇರೆ ಯಾರದೋ ನೃತ್ಯದ ಚಿತ್ರಗಳನ್ನು ನೋಡಿ ತೃಪ್ತರಾಗಲಿಲ್ಲ. ಲಯ ಅಂದರೆ ಏನು ಅಂತ ತಿಳಿಯಬೇಕೆಂದು ಪಂಡಿತ್ ಸುಂದರ್ ಪ್ರಸಾದ್ ಅವರ ಹತ್ತಿರ ಸ್ವತಃ ಕಥಕ್ ಕಲಿತರು. ಚಿತ್ರಗಾರ ಗೆಜ್ಜೆ ಕಟ್ಟಿದ! ಹೆಜ್ಜೆ ಹಾಕುವಾಗ ತೂಕ ಯಾವ ಕಾಲಿನ ಮೇಲೆ ಬೀಳುತ್ತದೆ, ತಿರುಗಿ ನಿಂತಾಗ ಸೊಂಟ ಎಲ್ಲಿರುತ್ತದೆ ಅನ್ನುವುದು ಅವರ ಮೈಗೇ ಗೊತ್ತಿತ್ತು. ಆ ತಿಳಿವಳಿಕೆ ಪೆನ್ನಿಗೆ ಇಳಿಯಿತು.

ನೀವು ಈಗ ಮಾಡುತ್ತಿರುವುದು ಅವರ ಗೆರೆಯ ಹೊರಗಿನ ರೂಪವನ್ನು ತರುವುದು. ಹಾಗಾಗಿ ಗೆಳತಿಯರಿಗೆ ನಕಲು ಅನ್ನಿಸುತ್ತದೆ. ಅವರ ಮಾತಿನಿಂದ ಬೇಸರ ಮಾಡಿಕೊಳ್ಳಬೇಡಿ, ಅವರ ಕಣ್ಣು ಸರಿಯಾಗಿಯೇ ಇದೆ. ಹೆಬ್ಬಾರರಿಂದ ಕಲಿಯಬೇಕು ಅಂದರೆ ಅವರು ಬಿಡಿಸಿದ್ದನ್ನು ಬಿಡಿಸುವುದಕ್ಕಿಂತ ಅವರು ಮಾಡಿದ್ದನ್ನು ಮಾಡಿ. ನಿಮ್ಮದು ಸಂತೆಯ ಚಿತ್ರ. ಸಂತೆಯಲ್ಲಿ ಒಂದು ಬೆಳಿಗ್ಗೆ ಬರೀ ನೋಡುವವರಾಗಿ ನಿಲ್ಲಬೇಡಿ. ಗುರುತಿನ ತರಕಾರಿಯವರ ಹತ್ತಿರ ಕೇಳಿ ಎರಡು ಗಂಟೆ ಕೂತು ತೂಕ ಹಾಕಿಕೊಡಿ. ಮೂಟೆ ಎತ್ತಿ ನೋಡಿ. ಬಗ್ಗಿ ಬದನೆಕಾಯಿ ಆರಿಸುವ ಹೆಂಗಸಿನ ಬೆನ್ನು ಹೇಗಿರುತ್ತದೆ ಅನ್ನುವುದು ನಿಮ್ಮ ಬೆನ್ನಿಗೆ ಗೊತ್ತಾಗಲಿ. ಆಮೇಲೆ ಬಂದು ಎಳೆದ ಗೆರೆ ಹೆಬ್ಬಾರರದು ಆಗಿರುವುದಿಲ್ಲ.

ಎರಡನೆಯದು, ನಿಮ್ಮ ಕಲಾವಿದರನ್ನು ಇಷ್ಟಪಟ್ಟು ಅಲ್ಲೇ ನಿಲ್ಲಬೇಡಿ. ಅವರು ಯಾರನ್ನು ನೋಡುತ್ತಿದ್ದರು ಅಂತ ಹಿಂದಕ್ಕೆ ಹೋಗಿ. ಹೆಬ್ಬಾರರು ಜೈನ ಹಸ್ತಪ್ರತಿಗಳ ಚಿತ್ರಗಳನ್ನು, ಅಜಂತವನ್ನು, ಚಿತ್ರಗಾರ್ತಿ ಅಮೃತಾ ಶೇರ್‌ಗಿಲ್ ಅವರನ್ನು ನೋಡಿ ಕಲಿತವರು. ಸರಿ, ಶೇರ್‌ಗಿಲ್ ಯಾರನ್ನು ನೋಡಿದರು? ಪ್ಯಾರಿಸ್‌ನಲ್ಲಿ ಕಲಿತ ಹುಡುಗಿ ಅವರು. ಅಲ್ಲಿನ ಗಿಮೆ ಮ್ಯೂಸಿಯಂನಲ್ಲಿರುವ ಒಂದು ಸಣ್ಣ ಶಿಲ್ಪ ಅಥವಾ ಅಜಂತದ ಒಂದು ಚಿತ್ರ ಯುರೋಪಿನ ಇಡೀ ರಿನೈಸಾನ್ಸ್ ಕಾಲದ ಕಲೆಗಿಂತ ದೊಡ್ಡದು ಅಂತ 1934ರಲ್ಲಿ ಪತ್ರ ಬರೆದರು. ಯುರೋಪಿಗೆ ಬರದೇ ಹೋಗಿದ್ದರೆ ಇದು ತನಗೆ ತಿಳಿಯುತ್ತಲೇ ಇರಲಿಲ್ಲ ಅಂತಲೂ ಅದರಲ್ಲಿ ಹೇಳಿದ್ದಾರೆ. ಆ ವರ್ಷವೇ ಭಾರತಕ್ಕೆ ವಾಪಸಾದರು, 1936ರ ಕೊನೆಗೆ ಅಜಂತ ಎಲ್ಲೋರ ನೋಡಿ ದಕ್ಷಿಣಕ್ಕೆ ಬಂದರು, 1937ರಲ್ಲಿ ‘ಸಂತೆಗೆ ಹೊರಟ ದಕ್ಷಿಣ ಭಾರತದ ಹಳ್ಳಿಗರು’ ಮಾಡಿದರು.

ಈ ಚಿತ್ರವನ್ನು ನೀವು ಇವತ್ತೇ ಹುಡುಕಿ ನೋಡಬೇಕು. ಅದರಲ್ಲಿ ಸಂತೆಯೇ ಇಲ್ಲ! ಅಂಗಡಿ ಇಲ್ಲ, ತಕ್ಕಡಿ ಇಲ್ಲ, ರಾಶಿ ಹಾಕಿದ ತರಕಾರಿ ಇಲ್ಲ. ಹೊರಟ ಕೆಲವೇ ಜನ, ಅವರ ಕಪ್ಪು ಮೈ, ಬಿಳಿ ಬಟ್ಟೆ. ಆದರೂ ಸಂತೆಗೆ ಹೋಗುವ ನಡಿಗೆ ಅದರಲ್ಲಿ ಇದೆ. ನಿಮ್ಮ ಚಿತ್ರ ಆರು ತಿಂಗಳಿಂದ ನಿಂತಿರುವುದಕ್ಕೆ ಕಾರಣ, ನನ್ನ ಊಹೆ, ಇಡೀ ಸಂತೆಯನ್ನೇ ಒಂದು ಕಾಗದದಲ್ಲಿ ತುಂಬಲು ಹೊರಟಿದ್ದೀರಿ. ನೂರು ಜನ ಬೇಕಾ ಅಥವಾ ನಾಲ್ಕು ಜನ ಸಾಕಾ ಅಂತ ಶೇರ್‌ಗಿಲ್ ಚಿತ್ರದ ಮುಂದೆ ನಿಮ್ಮದನ್ನು ಇಟ್ಟುಕೊಂಡು ಕೇಳಿಕೊಳ್ಳಿ. ಹೆಬ್ಬಾರರನ್ನು ಹಿಂಬಾಲಿಸಿ ಹೊರಟ ನಿಮಗೆ ಸಂತೆಯ ಉತ್ತರ ಅವರು ನೋಡಿದವರ ಹತ್ತಿರ ಸಿಗಬಹುದು.

ಹೀಗೆ ಹಿಂದಕ್ಕೆ ಹೋಗುವುದು ನನಗೆ ಬಹಳ ಖುಷಿ ಕೊಡುವ ಕೆಲಸ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಗ್ಯಾಲರಿಗೆ ಯಾರ ಹೆಸರಿದೆಯೋ ಆ ಕೆ. ವೆಂಕಟಪ್ಪ ಮೈಸೂರಿನ ಚಿತ್ರಗಾರರ ಮನೆತನದವರು. ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತರು. ಕಾಗದವನ್ನು ಒದ್ದೆ ಮಾಡಿ, ಬಣ್ಣವನ್ನು ತೆಳುವಾಗಿ ಹರಡಿ, ಮತ್ತೆ ನೀರಿನಲ್ಲಿ ತೊಳೆದು ಮತ್ತೆ ಹರಡುವ ವಿಧಾನ ಟ್ಯಾಗೋರರದು. ಅದು ಅವರಿಗೆ ಹೊಳೆದದ್ದು 1903ರಲ್ಲಿ ಕಲ್ಕತ್ತಕ್ಕೆ ಬಂದ ಯೋಕೋಯಾಮಾ ತೈಕಾನ್ ಮುಂತಾದ ಜಪಾನಿನ ಚಿತ್ರಗಾರರು ಕೆಲಸ ಮಾಡುವುದನ್ನು ನೋಡಿ. ವೆಂಕಟಪ್ಪನವರು ಊಟಿ, ಕೊಡೈಕೆನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಮಾಡಿದ್ದಾರೆ. ಅವರ ಆ ಮಂಜನ್ನು ನೋಡುವಾಗಲೆಲ್ಲ ನನಗೆ ಜಪಾನಿನಿಂದ ಕಲ್ಕತ್ತ ದಾಟಿ ಊಟಿಗೆ ಬಂದ ಒದ್ದೆ ಕಾಗದ ನೆನಪಾಗುತ್ತದೆ. ಮಲೆನಾಡಿನ ಮಳೆಯಲ್ಲಿ ಬದುಕುವ ನೀವು ಅದನ್ನು ನೋಡಲೇಬೇಕು. ಹೊರಡುವ ಮುಂಚೆ ಗ್ಯಾಲರಿ ತೆರೆದಿದೆಯಾ ಅಂತ ಮಾತ್ರ ಕೇಳಿಕೊಳ್ಳಿ. ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಸೋಮವಾರ ರಜೆ. ಇದನ್ನು ಮರೆತು ದೂರದಿಂದ ಬಂದು ಗೇಟಿನಿಂದಲೇ ವಾಪಸ್ ಹೋದವರು ಬಹಳ ಜನ.

ನಕಲು ಮಾಡುವುದು ತಪ್ಪಾ ಅಂತ ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದಲ್ಲಿ ಆ ಅಳುಕು ಇದೆ. ಕಲಿಯಲು ನಕಲು ಮಾಡುವುದು ತಪ್ಪಲ್ಲ, ಅದು ಹಳೆಯ ದಾರಿ. ವ್ಯಾನ್ ಗೋ 1887ರಲ್ಲಿ ಹಿರೋಶಿಗೆಯ ಜಪಾನಿ ಮುದ್ರಣಗಳನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಎರಡು ವರ್ಷದ ಮೇಲೆ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಫ್ರಾನ್ಸಿನ ಚಿತ್ರಗಾರ ಮಿಲೆ ಮಾಡಿದ ರೈತರ ಚಿತ್ರಗಳ ಕಪ್ಪುಬಿಳುಪು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಇಪ್ಪತ್ತರಷ್ಟು ಚಿತ್ರ ಮಾಡಿದ, ಬಣ್ಣ ಪೂರ್ತಿ ಅವನದೇ. ಸಂಗೀತಗಾರ ಬೇರೆಯವರ ರಚನೆಯನ್ನು ನುಡಿಸುವ ಹಾಗೆ ಇದು ಅಂತ ತಮ್ಮನಿಗೆ ಬರೆದ. ನಮ್ಮಲ್ಲೂ ಹಾಗೇ ಅಲ್ವಾ, ತ್ಯಾಗರಾಜರ ಕೃತಿ ಹಾಡಿದವರನ್ನು ಯಾರೂ ಕಳ್ಳರು ಅನ್ನುವುದಿಲ್ಲ. ಒಂದು ನಿಯಮ ಇಟ್ಟುಕೊಳ್ಳಿ: ನಕಲಿನ ಕೆಳಗೆ ‘ಹೆಬ್ಬಾರರ ಚಿತ್ರ ನೋಡಿ ಬಿಡಿಸಿದ್ದು’ ಅಂತ ಬರೆಯಿರಿ, ಅದನ್ನು ಮಾರಬೇಡಿ. ಭಾರತದಲ್ಲಿ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ, ಹಾಗಾಗಿ 2056ರ ಕೊನೆವರೆಗೂ ಅವರ ಚಿತ್ರಗಳಿಗೆ ಅದು ಅನ್ವಯಿಸುತ್ತದೆ.

ಇನ್ನು ಮ್ಯೂಸಿಯಂ ಒಳಗೆ ಏನು ಮಾಡಬೇಕು. ಒಂದು ಸಣ್ಣ ಪುಸ್ತಕ, ಪೆನ್ಸಿಲ್ ಇರಲಿ. ಪೆನ್ನು, ಬಣ್ಣ ಒಳಗೆ ಬಿಡದ ಕಡೆಗಳಿವೆ. ಬಾಗಿಲಲ್ಲಿರುವವರನ್ನು ಒಂದು ಮಾತು ಕೇಳಿ, ಚಿತ್ರ ಬಿಡಿಸುವವರು ಅಂತ ಗೊತ್ತಾದರೆ ಎಷ್ಟೋ ಸಲ ಅವರೇ ಒಂದು ಸ್ಟೂಲು ತೋರಿಸುತ್ತಾರೆ. ಚಿತ್ರದ ಪಕ್ಕದ ಚೀಟಿಯನ್ನು ಕೊನೆಗೆ ಓದಿ. ಬೆಂಕಿಪೊಟ್ಟಣದಷ್ಟು ಚೌಕ ಹಾಕಿ, ಅದರಲ್ಲಿ ಕತ್ತಲು, ಬೆಳಕು, ನಡುವಿನದು ಅಂತ ಮೂರೇ ಛಾಯೆಯಲ್ಲಿ ಇಡೀ ಚಿತ್ರವನ್ನು ತುಂಬಿ. ಇದಕ್ಕೆ ಐದು ನಿಮಿಷ ಸಾಕು, ಚಿತ್ರದ ಅಸ್ಥಿಪಂಜರ ಸಿಕ್ಕಿಬಿಡುತ್ತದೆ. ಹತ್ತಿರ ಹೋಗಿ ನೋಡಿ, ದೂರ ಬಂದು ನೋಡಿ, ಎಷ್ಟು ಹೆಜ್ಜೆ ಹಿಂದೆ ಬಂದಾಗ ಕುಂಚದ ಗುರುತುಗಳು ಸೇರಿ ಕೆನ್ನೆಯಾಗುತ್ತವೆ ಅಂತ ಬರೆದುಕೊಳ್ಳಿ. ಫೋನಿನಲ್ಲಿ ಇದು ಎಂದೂ ಸಿಗುವುದಿಲ್ಲ.

ವಾಪಸ್ ಬಂದ ಮಾರನೇ ದಿನ, ಪುಸ್ತಕವನ್ನೂ ಫೋಟೊಗಳನ್ನೂ ನೋಡದೆ ಆ ಚಿತ್ರವನ್ನು ನೆನಪಿನಿಂದ ಬಿಡಿಸಿ. ಇದು ನಾನು ಕಲಿಸುವುದರಲ್ಲಿ ನನಗೆ ತುಂಬಾ ಪ್ರಿಯವಾದ ಪಾಠ. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಲಕಾಕ್ ದ ಬುಆಬೋದ್ರಾಂ ಎಂಬ ಮೇಷ್ಟ್ರು ಶಿಷ್ಯರಿಗೆ ಹೀಗೇ ಕಲಿಸುತ್ತಿದ್ದರು, ಶಿಲ್ಪಿ ರೋದಾಂ ಈ ಮೇಷ್ಟ್ರ ಶಿಷ್ಯ. ನೆನಪಿನ ಚಿತ್ರ ತಪ್ಪುತಪ್ಪಾಗಿ ಬರುತ್ತದೆ, ಬರಲಿ. ಆಮೇಲೆ ಫೋಟೊ ಪಕ್ಕದಲ್ಲಿ ಇಟ್ಟು ನೋಡಿ. ಏನು ಉಳಿದಿದೆ, ಏನು ಬಿಟ್ಟುಹೋಗಿದೆ, ಯಾವುದು ದೊಡ್ಡದಾಗಿದೆ? ನನ್ನ ತರಗತಿಯಲ್ಲಿ ಒಂದೇ ಚಿತ್ರ ನೋಡಿ ಬಂದ ಹನ್ನೆರಡು ಮಕ್ಕಳು ಹನ್ನೆರಡು ಥರ ಬಿಡಿಸಿದ್ದಾರೆ. ಒಬ್ಬಳಿಗೆ ಬರೀ ಕೈಗಳು ನೆನಪಿದ್ದವು, ಇನ್ನೊಬ್ಬನಿಗೆ ಬಾಗಿಲಿನ ಹೊರಗಿನ ಬಿಸಿಲು. ಆ ತಪ್ಪುಗಳಲ್ಲೇ ಅವರವರ ಕಣ್ಣು ಇದೆ. ನಿಮ್ಮದು ಎಲ್ಲಿದೆ ಅಂತ ನೀವೂ ಹೀಗೆ ಹುಡುಕಬಹುದು, ‘ನನ್ನ ಶೈಲಿ ಯಾವುದು’ ಅಂತ ಯೋಚಿಸುತ್ತಾ ಕೂರಬೇಕಾಗಿಲ್ಲ.

ಕೊನೆಯದಾಗಿ ದೂರದ ವಿಷಯ. ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್‌ನಲ್ಲಿ, ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ದೊಡ್ಡ ಅಳತೆಯ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಬಿರುಕು ಕಾಣುವಷ್ಟು ಹತ್ತಿರದಿಂದ ನೋಡಬಹುದು. ಮಳೆಗಾಲದ ಸಂಜೆಗೆ ಒಳ್ಳೆಯದು. ಆದರೆ ನೀವು ಇರುವುದು ಸಾಗರದಲ್ಲಿ! ನಿಮ್ಮ ಸುತ್ತಲಿನ ದೀವರು ಸಮುದಾಯದವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣಿನ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚ ಪುಂಡಿ ನಾರಿನದು. ಹೆಬ್ಬಾರರ ಗೆರೆ ಬಳುಕುತ್ತದೆ, ಚಿತ್ತಾರದ ಗೆರೆ ನೆಟ್ಟಗೆ, ಪಕ್ಕಪಕ್ಕದಲ್ಲಿ, ಅಡ್ಡಡ್ಡ ಓಡುತ್ತದೆ. ಗೆರೆಯನ್ನೇ ನಂಬಿದ ಎರಡು ಬೇರೆ ಬೇರೆ ದಾರಿಗಳು. ಬರೆಯುವ ಒಬ್ಬ ಅಮ್ಮನ ಪಕ್ಕ ಒಂದು ದಿನ ಕೂತು, ನಾರಿನ ಕುಂಚ ಹಿಡಿದು ಒಂದೇ ಒಂದು ನೆಟ್ಟಗಿನ ಗೆರೆ ಎಳೆಯಲು ಪ್ರಯತ್ನಿಸಿ. ಪೆನ್ನಿಗೆ ಒಗ್ಗಿದ ಕೈಗೆ ಅದು ಎಷ್ಟು ಕಷ್ಟ ಅಂತ ತಿಳಿಯುತ್ತದೆ.

ಹತ್ತಿರದಲ್ಲೇ ಕೆಳದಿ ಇದೆ, ಅಲ್ಲಿ ಮ್ಯೂಸಿಯಂ ಇದೆ, ತಾಳೆಗರಿಗಳಿವೆ. ದೇವಸ್ಥಾನದ ಛಾವಣಿಯಲ್ಲಿ ಗಂಡಭೇರುಂಡ ಇದೆ. ಒಂದು ಕಲ್ಲಿನ ಚೌಕದೊಳಗೆ ಎರಡು ತಲೆ, ಎರಡು ರೆಕ್ಕೆ, ಹಿಡಿದ ಪ್ರಾಣಿಗಳು, ಎಲ್ಲವನ್ನೂ ಕೂರಿಸಿದ್ದಾನೆ ಶಿಲ್ಪಿ, ಯಾವುದೂ ಒಂದಕ್ಕೊಂದು ಸಿಕ್ಕಿಕೊಂಡಿಲ್ಲ. ಬರುವ ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿಕೊಂಡು ಸಂತೆಯ ಚಿತ್ರ ಕಂಕುಳಲ್ಲಿ ಇಟ್ಟುಕೊಂಡು ಅಲ್ಲಿಗೆ ಹೋಗಿ. ಕತ್ತು ನೋಯುತ್ತದೆ, ಒಂದು ಚಾಪೆ ಇರಲಿ, ಅನುಮತಿ ಕೇಳಿ ಕೆಳಗೆ ಮಲಗಿಯೇ ನೋಡಿ. ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಅದನ್ನು ಮೂರು ಛಾಯೆಯಲ್ಲಿ ಬಿಡಿಸಿಕೊಳ್ಳಿ. ಆಮೇಲೆ ಪುಟ ತಿರುಗಿಸಿ, ಅಷ್ಟೇ ದೊಡ್ಡ ಇನ್ನೊಂದು ಚೌಕ ಹಾಕಿ, ಅದರಲ್ಲಿ ನಿಮ್ಮ ಸಂತೆಯನ್ನು ಕೂರಿಸಲು ನೋಡಿ. ಎಷ್ಟು ಜನ ಉಳಿದರು ಅಂತ ನನಗೆ ಬರೆದು ತಿಳಿಸಿ.